ಪಾಸ್ಟರ್ ಬೇಡ ಅಂದ ಕೆಲಸಕ್ಕೆ ಹೋದರೆ ದೇವರಿಗೆ ಅವಿಧೇಯರಾದ ಹಾಗಾ?

ಸಾಸಿವೆಕಾಳು

ಎಲ್ಲರಿಗೂ ವಂದನೆ. ನಮ್ಮದು ಬೆಂಗಳೂರು ಹೊರವಲಯದ ಒಂದು ಸ್ವತಂತ್ರ ಸಭೆ. ಹೆಸರು ಹೇಳಲ್ಲ, ದಯವಿಟ್ಟು ಊಹೆ ಮಾಡಿ ಇಲ್ಲಿ ಬರೆಯಲೂ ಬೇಡಿ.

ನನ್ನ ತಮ್ಮನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ಆಫರ್ ಲೆಟರ್ ಬಂದಿದೆ, ಸೇರೋ ದಿನ ಹತ್ತಿರ ಬರ್ತಿದೆ. ಆರಾಧನೆ ಮುಗಿದ ಮೇಲೆ ಪ್ರಾರ್ಥನೆ ಮಾಡಿಸಿಕೊಳ್ಳೋಣ ಅಂತ ಪಾಸ್ಟರ್ ಹತ್ರ ಹೋದರೆ ಅವರು ತಲೆ ಮೇಲೆ ಕೈಯಿಡಲೇ ಇಲ್ಲ. "ದೇವರು ನನಗೆ ತೋರಿಸಿದ್ದಾರೆ, ನೀನು ಹೋಗಕೂಡದು. ಹೋದರೆ ನನ್ನ ಕವರಿಂಗ್ (ಪಾಸ್ಟರ್ ಮೂಲಕ ಸಿಗೋ ಆತ್ಮಿಕ ರಕ್ಷಣೆ) ನಿನ್ನ ಮೇಲಿರಲ್ಲ, ಆಮೇಲೆ ಏನಾದರೂ ಆದರೆ ನಾನು ಹೊಣೆ ಅಲ್ಲ" ಅಂದರು.

ಬುಧವಾರದ ಉಪವಾಸ ಪ್ರಾರ್ಥನೆಯಲ್ಲಿ ಸಂದೇಶವೂ ಅದೇ ಆಯ್ತು. ಹೆಸರೆತ್ತಲಿಲ್ಲ, ಆದರೆ ಇಡೀ ಸಭೆ ತಿರುಗಿ ತಮ್ಮನನ್ನೇ ನೋಡಿತು. ಕೊಟ್ಟ ವಾಕ್ಯಗಳು: ಕೀರ್ತನೆ 105:15 (ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿ), ಇಬ್ರಿಯ 13:17 (ಸಭಾನಾಯಕರ ಮಾತು ಕೇಳಿ), ಒಂದನೇ ಸಮುವೇಲ 15, ಅಂದರೆ ಸೌಲ ಮಾತು ಕೇಳದೆ ರಾಜ್ಯ ಕಳಕೊಂಡ ಕಥೆ.

ತಮ್ಮ ಗೊಂದಲದಲ್ಲಿದ್ದಾನೆ. ಅಮ್ಮನಿಗಂತೂ ಭಯ ಹಿಡಿದುಬಿಟ್ಟಿದೆ, ಅಪ್ಪ ತೀರಿಕೊಂಡಾಗ ಎಲ್ಲಾ ನಿಂತು ಮಾಡಿದ್ದು ಇದೇ ಪಾಸ್ಟರ್. ನಾನು ಜಗಳ ಆಡೋಕೆ ಬಂದಿಲ್ಲ. ಬೈಬಲ್ ನಿಜವಾಗಿ ಏನು ಹೇಳುತ್ತೆ ಅಂತ ಗೊತ್ತಾಗಬೇಕು.

ರಾಜಾಜಿನಗರ_ಬಾಯ್

ಆಫರ್ ಲೆಟರ್ ಬಂದ ಮೇಲೆ ಏನ್ ಪ್ರಶ್ನೆ ಅಕ್ಕ. ರೈಲು ಹತ್ತಿಸಿ. ದೇವರು ಪುಣೆಯಲ್ಲೂ ಇದ್ದಾರೆ.

ಪಾಸ್ಟರ್ ಮಗ

ಮೇಲಿನವರ ಹಾಗೆ ಒಂದೇ ಸಾಲಲ್ಲಿ ತಳ್ಳಿಹಾಕೋದು ಸುಲಭ. ನಾನು ಪೆಂತೆಕೊಸ್ತ್ ಪಾಸ್ಟರ್ ಮಗ, ಹಾಗಾಗಿ ಇನ್ನೊಂದು ಕಡೆಯಿಂದ ನೋಡಿ ಬರೆಯುತ್ತೇನೆ.

ಸಿಸ್ಟರ್, ಇವತ್ತು ಯಾರಿಗೂ ಯಾರ ಮಾತೂ ಬೇಡ. ಸಭೆ ಅಂದರೆ ಭಾನುವಾರದ ಪ್ರೋಗ್ರಾಂ ಅನ್ನೋ ಹಾಗಾಗಿದೆ. ಹಾಡು ಚೆನ್ನಾಗಿದ್ದರೆ ಬರ್ತಾರೆ, ಸಂದೇಶ ಚುಚ್ಚಿದರೆ ಮುಂದಿನ ವಾರ ಬೇರೆ ಸಭೆ. ಇಬ್ರಿಯ 13:17 ಸುಮ್ಮನೆ ಬರೆದಿದ್ದಲ್ಲ. ಸಭಾನಾಯಕರು ನಿಮ್ಮ ಆತ್ಮಗಳನ್ನು ಕಾಯುವವರು, ದೇವರಿಗೆ ಲೆಕ್ಕ ಒಪ್ಪಿಸಬೇಕಾದವರು ಅಂತ ಅಲ್ಲೇ ಇದೆ. ರಾತ್ರಿ ಎರಡು ಗಂಟೆಗೆ ಯಾರದೋ ಮನೆಯಲ್ಲಿ ಸೀರಿಯಸ್ ಅಂತ ಫೋನ್ ಬಂದರೆ ಬೈಕ್ ತಗೊಂಡು ಹೊರಟ ಅಪ್ಪನನ್ನು ನೋಡಿ ಬೆಳೆದವನು ನಾನು.

ಕೋರಹನ ಕಥೆ ಅರಣ್ಯಕಾಂಡ 16ರಲ್ಲಿದೆ. "ಸಭೆಯವರೆಲ್ಲಾ ಪರಿಶುದ್ಧರೇ, ನೀವಿಬ್ಬರೇ ಯಾಕೆ ಮೇಲೆ ನಿಲ್ಲುತ್ತೀರಿ" ಅಂತ ಮೋಶೆ ಆರೋನರನ್ನು ಕೇಳಿದ. ಕೇಳೋಕೆ ಎಷ್ಟು ಪ್ರಜಾಪ್ರಭುತ್ವದ ಮಾತು! ಭೂಮಿ ಬಾಯಿ ತೆರೆದು ನುಂಗಿತು. ಸೌಲನ ಮಾತೂ ಹಾಗೇ ಸರಿ ಅನ್ನಿಸುತ್ತೆ. "ನಾನು ಯೆಹೋವನ ಮಾತು ಕೇಳಿದ್ದೇನೆ" ಅಂತಾನೆ, ಹಿಂದುಗಡೆ ಕುರಿಗಳು ಅರಚುತ್ತಿರುತ್ತವೆ. ಎಲ್ಲವನ್ನೂ ನಾಶಮಾಡು ಅಂದರೆ ಒಳ್ಳೆಯವನ್ನು ಉಳಿಸಿಕೊಂಡು ಯಜ್ಞಕ್ಕೆ ಅಂದ, ಜನರ ಮೇಲೆ ಹಾಕಿದ. ಅವಿಧೇಯನಿಗೆ ತಾನು ಅವಿಧೇಯ ಅಂತ ಗೊತ್ತಾಗಲ್ಲ, ಭಯ ಇರೋದು ಅಲ್ಲೇ.

ಪಾಸ್ಟರ್ ಹೇಳಿದ್ದು ಸರಿ ಅಂತ ನಾನು ಅನ್ನುತ್ತಿಲ್ಲ, ನನಗೆ ಗೊತ್ತಿಲ್ಲ. ಆದರೆ ತಮ್ಮ ಆ ಮಾತನ್ನು ಪ್ರಾರ್ಥನೆಯಲ್ಲಿ ತೂಗಿ ನೋಡದೆ ಹೊರಡೋದು ಬೇಡ.

ಬೆಟಗೇರಿ ಮಾಸ್ತರ

ನಮಸ್ಕಾರ್ರಿ. ನಾನು ರಿಟೈರ್ಡ್ ಸಾಲಿ ಮಾಸ್ತರ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾದಾಗ ಹುಟ್ಟಿ ಬೆಳದಂವ. ಸಂಡೇ ಸ್ಕೂಲ್‌ದಾಗ ಭಾಳ ವರ್ಷ ಹುಡುಗರಿಗೆ ಹೇಳಿಕೊಟ್ಟೇನಿ, ಹಿಂಗಾಗಿ ಸ್ವಲ್ಪ ಉದ್ದ ಆಗ್ತದ, ಸೈರಿಸ್ಕೋರಿ.

ಮೊದಲು ಆ ಕೀರ್ತನೆ. 105ನೇ ಕೀರ್ತನೆದಾಗ 15ನೇ ವಾಕ್ಯ ಒಂದ ಓದಬ್ಯಾಡ್ರಿ, 12ರಿಂದ ಓದ್ರಿ. ಅಲ್ಲಿ ಅಭಿಷಿಕ್ತರು ಅಂದ್ರ ಯಾರು? ಅಬ್ರಹಾಮ, ಇಸಾಕ, ಯಾಕೋಬ. ಎಣಿಕೆಗೆ ಸ್ವಲ್ಪ ಮಂದಿ, ಸ್ವಂತ ನೆಲ ಇಲ್ಲ, ದೇಶದಿಂದ ದೇಶಕ್ಕ ಅಲೆಯೋ ಪರದೇಶಿಗಳು. ಮುಟ್ಟಬ್ಯಾಡ್ರಿ ಅಂತ ದೇವರು ಗದರಿಸಿದ್ದು ಯಾರಿಗೆ? ಅರಸರಿಗೆ. ಅಂದ್ರ ಅಧಿಕಾರ ಇದ್ದಂವಗ ಹೇಳಿದ ಮಾತು ಅದು, ಅಧಿಕಾರ ಇಲ್ಲದಂವನ ಕಾಯಾಕ. ಅದನ್ನ ತಿರುಗಾಮುರುಗಾ ಮಾಡಿ, ವೇದಿಕೆ ಮ್ಯಾಲೆ ನಿಂತಂವ ಕೆಳಗ ಕುಂತ ಹುಡುಗಗ ಹೇಳಿದ್ರ ಹೆಂಗ? ನಿಮ್ಮ ತಮ್ಮ ಕೆಲಸ ಹುಡಿಕ್ಕೊಂಡು ಊರು ಬಿಟ್ಟು ಹೊಂಟಾನ. ಆ ಕೀರ್ತನೆದಾಗ ಅಲೆಯೋರ ಪಂಗಡಕ್ಕ ಸೇರಾಂವ ಅಂವನ.

ಇನ್ನ ಕೋರಹನ ಮಾತು ಬಂತಲ್ಲ ಬ್ರದರ್, ಅದ ಅಧ್ಯಾಯದ 15ನೇ ವಾಕ್ಯ ನೋಡ್ರಿ. ಮೋಶೆಗ ಸಿಟ್ಟು ಬರ್ತದ. ಬಂದಾಗ ದೇವರ ಮುಂದ ಏನಂತಾನ? ನಾನು ಅಭಿಷಿಕ್ತ ಅನ್ನೂದಿಲ್ಲ. ಇವರ ಒಂದು ಕತ್ತೀನೂ (ಕತ್ತೆ) ನಾನು ತಗೊಂಡಿಲ್ಲ, ಒಬ್ಬರಿಗೂ ಕೇಡು ಮಾಡಿಲ್ಲ ಅಂತಾನ. ಸಮುವೇಲನೂ ಹಂಗ. ಮುದುಕ ಆದ ಮ್ಯಾಲೆ ಜನರ ಎದುರು ನಿಂತು, ಯಾರ ಎತ್ತು ತಗೊಂಡೇನಿ, ಯಾರ ಕತ್ತಿ ಹಿಡದೇನಿ, ಯಾರ ಕೈಯಿಂದ ಲಂಚ ತಿಂದೇನಿ, ಹೇಳ್ರಿ ಅಂತ ಕೇಳ್ತಾನ (ಒಂದನೇ ಸಮುವೇಲ 12). ದೇವರು ನಿಲ್ಲಿಸಿದ ನಾಯಕರು ತಮ್ಮ ಮ್ಯಾಲೆ ಪ್ರಶ್ನೆ ಬಂದಾಗ ಲೆಕ್ಕದ ಪುಸ್ತಕ ತಗದು ಮುಂದ ಇಟ್ರು.

ಕುಡ್ಲದ ಕ್ಯಾಥೊಲಿಕ್

ನಾನು ಓದ್ಲಿಕ್ಕೆ ಮಾತ್ರ ಬರುವವ, ಆದ್ರೆ ಇದಕ್ಕೆ ಬರೆಯದೆ ಆಗ್ಲಿಲ್ಲ. ವಿಧೇಯತೆ ಅಂದ್ರೆ ನಮ್ಮ ಮೇಲೆಯೇ ಎಲ್ಲರ ಕಣ್ಣು, ಪೋಪ್ ಹೇಳಿದ್ದಕ್ಕೆ ಕಣ್ಣು ಮುಚ್ಚಿ ತಲೆ ಆಡಿಸುವವರು ಅಂತ. ಹಾಗೆ ಎಂತ ಇಲ್ಲ ಮಾರ್ರೆ.

ನನ್ನ ಚಿಕ್ಕಮ್ಮ ಸಿಸ್ಟರ್, ಅಂದ್ರೆ ಕಾನ್ವೆಂಟಿನ ಸನ್ಯಾಸಿನಿ. ಬಡತನ, ಬ್ರಹ್ಮಚರ್ಯ, ವಿಧೇಯತೆ ಮೂರೂ ವ್ರತ ಮಾಡಿದವರು. ಮದರ್ ಸುಪೀರಿಯರ್ ಟ್ರಾನ್ಸ್‌ಫರ್ ಲೆಟರ್ ಕೊಟ್ರೆ ಪೆಟ್ಟಿಗೆ ಕಟ್ಟಿ ಹೋಗುದೇ, ಪ್ರಶ್ನೆ ಇಲ್ಲ. ಆದರೆ ಅದು ಅವರೇ ವರ್ಷಗಟ್ಟಲೆ ತರಬೇತಿ ಆಗಿ, ಯೋಚನೆ ಮಾಡಿ, ಸಹಿ ಹಾಕಿ ತಕ್ಕೊಂಡ ವ್ರತ. ಅದಕ್ಕೂ ಬೇಲಿ ಉಂಟು. ಸುಪೀರಿಯರ್ ಆಜ್ಞೆ ಕೊಡ್ಬಹುದಾದ್ದು ಆ ಸಂಘದ ಸಂವಿಧಾನದ ಪ್ರಕಾರ ಮಾತ್ರ. 1983ರ ಕ್ಯಾನನ್ ಲಾ (ನಮ್ಮ ಚರ್ಚಿನ ಕಾನೂನು) 630ರಲ್ಲಿ ಇನ್ನೊಂದು ಚಂದದ ವಿಷಯ ಉಂಟು. ಮನಸ್ಸಿನ ಒಳಗಿನದ್ದನ್ನು ತನಗೆ ಬಿಚ್ಚಿ ಹೇಳು ಅಂತ ಸುಪೀರಿಯರ್ ಯಾವ ರೀತಿಯಲ್ಲೂ ಒತ್ತಾಯ ಮಾಡ್ಲಿಕ್ಕಿಲ್ಲ. ಆಡಳಿತ ಮಾಡುವವರ ಕೈಯಲ್ಲಿ ಆತ್ಮಸಾಕ್ಷಿಯ ಕೀಲಿಕೈಯೂ ಇರ್ಬಾರ್ದು ಅಂತ. ಎಷ್ಟೋ ಕಾಲದ ಪೆಟ್ಟು ತಿಂದು ಕಲಿತದ್ದಿರ್ಬೇಕು.

ನಿಮ್ಮ ತಮ್ಮ ವ್ರತ ಮಾಡಿದವನಾ? ಅಲ್ವಲ್ಲ. ಹಾಗಿರುವಾಗ ಸಿಸ್ಟರಿಗೆ ಇರುವಷ್ಟು ರಕ್ಷಣೆಯೂ ಇಲ್ಲದೆ ಸಿಸ್ಟರಿಗಿಂತ ಹೆಚ್ಚು ವಿಧೇಯತೆ ಕೇಳುದು ಯಾವ ನ್ಯಾಯ?

ಮತ್ತೆ, ದೇವರಿಗೆ ವಿಧೇಯ ಅಂದ ಕೂಡಲೇ ಯಾವ ಮನುಷ್ಯನಿಗೆ ಅಂತ ಸ್ಪಷ್ಟ ಆಗುದಿಲ್ಲ. 1838ರಲ್ಲಿ ರೋಮಿನಿಂದ ಆಜ್ಞೆ ಬಂದ ನಂತರ ನಮ್ಮ ಮಂಗಳೂರಲ್ಲೇ ಗೋವಾದ ಆರ್ಚ್‌ಬಿಷಪ್ಪರ ಕಡೆಯವರು, ಕೇರಳದ ವರಾಪುಳದ ಕಡೆಯವರು ಅಂತ ಎರಡು ಪಾಲು ಆಯ್ತು. ಎರಡೂ ಕಡೆಯವರೂ ತಾವೇ ವಿಧೇಯರು ಅಂತ ಹೇಳಿದ್ದು. ಸರಿಯಾಗ್ಲಿಕ್ಕೆ 1886ರವರೆಗೆ ಕಾಯ್ಬೇಕಾಯ್ತು.

ನಾಸ್ತಿಕ ನೆರೆಮನೆಯವ

ಹೊರಗಿನವನು, ಕ್ಷಮಿಸಿ. ಮಠ, ಆಶ್ರಮ, ಬಾಬಾ, ಎಲ್ಲಾ ಕಡೆ ಇದೇ ಅಲ್ವಾ? "ನನ್ನ ಮೂಲಕ ದೇವರು ಹೇಳಿದ್ದು" ಅಂದ ತಕ್ಷಣ ಎದುರಿಗಿರೋನ ಬಾಯಿ ಬಂದ್. ಒಂದು ಕುತೂಹಲ: ತಮ್ಮ ಹೋದರೆ ಆ ಸಭೆಗೆ ನಷ್ಟ ಏನು?

ಸಾಸಿವೆಕಾಳು

ನೇರವಾಗಿಯೇ ಕೇಳಿದ್ದೀರಿ. ಅವನು ಕೀಬೋರ್ಡ್ ನುಡಿಸ್ತಾನೆ, ಸೌಂಡ್ ಸಿಸ್ಟಂ ನೋಡ್ಕೋತಾನೆ, ಯೂಟ್ಯೂಬ್ ಲೈವ್ ಅವನದೇ. ದಶಮಾಂಶವೂ ತಪ್ಪಿಸಲ್ಲ. ಆದರೆ ಅದಕ್ಕೋಸ್ಕರವೇ ಪಾಸ್ಟರ್ ಹೀಗೆ ಹೇಳಿದರು ಅಂತ ನಾನು ಹೇಳಲಾರೆ. ಅವರು ನಿಜವಾಗಿಯೂ ದೇವರು ತೋರಿಸಿದರು ಅಂತ ನಂಬಿರಬಹುದು.

ಹಳೇ ಸಂಚಿಕೆ

ಈ "ಕವರಿಂಗ್" ಅನ್ನೋದು ನಮ್ಮ ಸಭೆಗಳಿಗೆ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ, ಹಾಗಾಗಿ ನಾನು ಸ್ವಲ್ಪ ಇತಿಹಾಸ ಹಾಕುತ್ತೇನೆ. ಈ ವಿಷಯದ ಮೇಲೆ ಓದಿಕೊಂಡಿದ್ದೇನೆ.

1970ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಐವರು ಹೆಸರಾಂತ ಬೋಧಕರು ಒಟ್ಟಾದರು: ಬಾಬ್ ಮಮ್‌ಫರ್ಡ್, ಡೆರೆಕ್ ಪ್ರಿನ್ಸ್, ಚಾರ್ಲ್ಸ್ ಸಿಂಪ್ಸನ್, ಡಾನ್ ಬಾಷಮ್, ಅರ್ನ್ ಬ್ಯಾಕ್ಸ್‌ಟರ್. ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಕೆರಿಸ್ಮಾಟಿಕ್ ಚಳವಳಿ ಹುಚ್ಚುಹೊಳೆಯಂತೆ ಹರಿಯುತ್ತಿದ್ದ ಕಾಲ. ಜನ ಎಲ್ಲೆಲ್ಲೋ ತೇಲಿಹೋಗುತ್ತಿದ್ದಾರೆ, ಶಿಸ್ತು ಬೇಕು ಅನ್ನೋದು ಅವರ ಕಾಳಜಿ. ಒಳ್ಳೆಯ ಉದ್ದೇಶವೇ. ಪ್ರತಿಯೊಬ್ಬ ವಿಶ್ವಾಸಿಗೂ ಒಬ್ಬ ಕುರುಬ ಇರಬೇಕು, ಅವನ ಕೆಳಗೆ ಅಧೀನನಾಗಿರಬೇಕು ಅಂತ ಕಲಿಸಿದರು. ಇದನ್ನು ಶೆಫರ್ಡಿಂಗ್ ಚಳವಳಿ ಅಂತಲೇ ಕರೆಯುತ್ತಾರೆ. ಕುರುಬನ ಮೇಲೊಬ್ಬ ಕುರುಬ, ಅವನ ಮೇಲೆ ಇನ್ನೊಬ್ಬ, ಹೀಗೆ ಮೇಲಿನವರೆಗೆ. ಯಾವ ಕೆಲಸ ಹಿಡಿಯಬೇಕು, ಯಾರನ್ನು ಮದುವೆಯಾಗಬೇಕು, ಯಾವ ಊರಿಗೆ ಹೋಗಬೇಕು, ಎಲ್ಲದಕ್ಕೂ ಕುರುಬನ ಒಪ್ಪಿಗೆ ಕೇಳುವ ಪರಿಸ್ಥಿತಿ ಹಲವು ಕಡೆ ಬಂತು.

1975ರಲ್ಲೇ ಇತರ ಕೆರಿಸ್ಮಾಟಿಕ್ ನಾಯಕರು ಬಹಿರಂಗವಾಗಿ ವಿರೋಧಿಸಿದರು. ಅವರೇನೂ ಪವಿತ್ರಾತ್ಮನ ವರಗಳನ್ನು ನಂಬದವರಲ್ಲ, ಟಿವಿ ಬೋಧಕ ಪ್ಯಾಟ್ ರಾಬರ್ಟ್‌ಸನ್ ಥರದವರು. 1980ರ ದಶಕದ ಮಧ್ಯದಲ್ಲಿ ಡೆರೆಕ್ ಪ್ರಿನ್ಸ್ ದೂರ ಸರಿದರು, 1986ರ ಹೊತ್ತಿಗೆ ಆ ಒಕ್ಕೂಟ ಮುಗಿಯಿತು. ಆಮೇಲೆ ಮಮ್‌ಫರ್ಡ್ ತಮ್ಮ ಬೋಧನೆಯಿಂದ ಜನರಿಗೆ ನೋವಾಗಿದೆ ಅಂತ ಬಹಿರಂಗವಾಗಿ ಕ್ಷಮೆ ಕೇಳಿದರು.

ಕಲಿಸಿದವರೇ ಕೈಬಿಟ್ಟದ್ದು ನಮ್ಮಲ್ಲಿ ಇನ್ನೂ ಓಡುತ್ತಿದೆ.

ಪಾಸ್ಟರ್ ಮಗ

ಅಮೆರಿಕದ ಉದಾಹರಣೆ ಕೊಟ್ಟು ಇಡೀ ಬೋಧನೆಯನ್ನೇ ಹೊಳೆಗೆ ಹಾಕಬೇಡಿ. ಚೀನಾದ ವಾಚ್‌ಮನ್ ನೀ ಆತ್ಮಿಕ ಅಧಿಕಾರದ ಬಗ್ಗೆ ಇವರಿಗಿಂತ ಮೊದಲೇ ಗಟ್ಟಿಯಾಗಿ ಕಲಿಸಿದವರು. ಬರೀ ಬೋಧಕರಲ್ಲ. 1942ರಲ್ಲಿ, ಔಷಧ ಕಂಪನಿ ನಡೆಸುತ್ತಿದ್ದಾರೆ ಅನ್ನೋ ಆಕ್ಷೇಪದ ಮೇಲೆ ಶಾಂಘಾಯ್ ಸಭೆಯ ಹಿರಿಯರು ಅವರ ಸೇವೆಯನ್ನೇ ನಿಲ್ಲಿಸಿದರು. ಅವರು ಬೇರೆ ಸಭೆ ಕಟ್ಟಲಿಲ್ಲ, ವರ್ಷಗಟ್ಟಲೆ ಸುಮ್ಮನಿದ್ದರು. 1948ರಲ್ಲಿ ಮತ್ತೆ ಸೇವೆಗೆ ಬಂದರು. 1952ರಲ್ಲಿ ಸರ್ಕಾರ ಬಂಧಿಸಿತು, 1972ರಲ್ಲಿ ಕೈದಿಯಾಗಿಯೇ ತೀರಿಕೊಂಡರು. ಕಲಿಸಿದ್ದನ್ನು ತಾನೇ ಬದುಕಿ ತೋರಿಸಿದವರ ಮಾತಿಗೆ ತೂಕ ಇದೆ.

ಮತ್ತೆ, ಶಾಸ್ತ್ರಿಗಳೂ ಫರಿಸಾಯರೂ ಮೋಶೆಯ ಪೀಠದಲ್ಲಿ ಕೂತಿದ್ದಾರೆ, ಅವರು ಹೇಳಿದ್ದನ್ನು ಮಾಡಿ, ಅವರ ನಡತೆಯಂತೆ ನಡೆಯಬೇಡಿ ಅಂದಿದ್ದು ಯೇಸುವೇ (ಮತ್ತಾಯ 23). ವ್ಯಕ್ತಿ ಸರಿಯಿಲ್ಲ ಅಂದ ಮಾತ್ರಕ್ಕೆ ಸ್ಥಾನ ಬಿದ್ದುಹೋಗಲ್ಲ.

ಹಳೇ ಸಂಚಿಕೆ

ವಾಚ್‌ಮನ್ ನೀ ವಿಷಯ ಒಪ್ಪುತ್ತೇನೆ. ಆದರೆ ಗಮನಿಸಿ, ಅಲ್ಲಿ ಅಧೀನರಾದವರು ಬೋಧಕರು, ಹಿರಿಯರ ಮುಂದೆ. ಅಧಿಕಾರದ ಬಗ್ಗೆ ಕಲಿಸುವವರನ್ನೇ ತಡೆದು ನಿಲ್ಲಿಸುವ ಹಿರಿಯರ ಕೂಟ ಶಾಂಘಾಯ್‌ನಲ್ಲಿತ್ತು.

ಇನ್ನು ಮತ್ತಾಯ 23ನ್ನು ಮೂರನೇ ವಾಕ್ಯಕ್ಕೇ ನಿಲ್ಲಿಸಬೇಡಿ. ನೀವು ಬೋಧಕರೆನಿಸಿಕೊಳ್ಳಬೇಡಿ, ನೀವೆಲ್ಲರೂ ಸಹೋದರರು ಅನ್ನೋದು ಅದರ ಕೆಳಗೇ ಇದೆ. 1934ರ ಮೇ ಕೊನೆಯಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಸೇರಿದ ಸಭೆಗಳು ಹಿಟ್ಲರನ ಕಡೆಯ ಕ್ರೈಸ್ತರ ವಿರುದ್ಧ ಒಂದು ಘೋಷಣೆ ಹೊರಡಿಸಿದವು. ಮುಖ್ಯವಾಗಿ ಬರೆದವರು ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್. ಎಲ್ಲರೂ ನೆನಪಿಡೋದು ಸರ್ಕಾರದ ಬಗೆಗಿನ ಭಾಗ. ನನಗೆ ಅದರ ನಾಲ್ಕನೇ ಅಂಶವೇ ಮುಖ್ಯ. ಸಭೆಯೊಳಗಿನ ಬೇರೆ ಬೇರೆ ಹುದ್ದೆಗಳು ಕೆಲವರು ಉಳಿದವರ ಮೇಲೆ ದೊರೆತನ ಮಾಡೋಕಲ್ಲ, ಇಡೀ ಸಭೆಗೆ ಒಪ್ಪಿಸಿದ ಸೇವೆಯನ್ನು ನಡೆಸೋಕೆ ಅನ್ನುತ್ತದೆ ಅದು. ಹೊರಗಿನ ಫ್ಯೂರರನನ್ನು (ನಾಯಕ ಅಂತ ಅರ್ಥ, ಹಿಟ್ಲರನ ಬಿರುದು) ಎದುರಿಸುವ ಹೊತ್ತಿನಲ್ಲಿ, ಸಭೆಯ ಒಳಗೂ ಫ್ಯೂರರ್ ಬೇಡ ಅಂತ ಬರೆದರಲ್ಲ, ಅದು ದೊಡ್ಡದು.

ಪಾಸ್ಟರ್ ಮಗ

ಹಿಟ್ಲರ್ ಬಂದ! ಇಂಟರ್ನೆಟ್‌ನಲ್ಲಿ ಯಾವ ಚರ್ಚೆಯಾದರೂ ಕೊನೆಗೆ ಅಲ್ಲಿಗೇ. ನಾವು ಮಾತಾಡ್ತಿರೋದು ಒಂದು ಚಿಕ್ಕ ಸಭೆ, ಅಲ್ಲಿನ ಒಬ್ಬ ಪಾಸ್ಟರ್ ವಿಷಯ.

ಬೆಟಗೇರಿ ಮಾಸ್ತರ

ಬ್ರದರ್ ಹೇಳೂದೂ ಖರೆ ಅದ. ಬಾರ್ಮೆನ್ ಬಿಡ್ರಿ, ಬೇತೇಲಿಗೆ ಬರ್ರಿ. ಒಂದನೇ ಅರಸುಗಳು 13. ಇದನ್ನ ಸಭಾದಾಗ ಉಪದೇಶ ಮಾಡಿದ್ದು ನಾನಂತೂ ಭಾಳ ಕೇಳಿಲ್ಲ, ಯಾಕಂದ್ರ ಇದು ಎಲ್ಲಾರಿಗೂ ಚುಚ್ಚತದ.

ಯೆಹೂದದಿಂದ ಒಬ್ಬ ದೇವರ ಮನುಷ್ಯ ಬರ್ತಾನ. ಹೆಸರು ಕೂಡ ಇಲ್ಲ ಅಂವಗ. ಬೇತೇಲಿನ ವೇದಿ ಮುಂದ ರಾಜಾ ಯಾರೊಬ್ಬಾಮ ಧೂಪ ಹಾಕಲಿಕ್ಕೆ ನಿಂತಾನ. ಇಂವ ವೇದಿಗೇ ಶಾಪ ಹಾಕ್ತಾನ. ರಾಜಾ ಕೈ ಚಾಚಿ ಹಿಡೀರಿ ಇಂವನ್ನ ಅಂತಾನ, ಚಾಚಿದ ಕೈ ಹಂಗ ಒಣಗಿ ನಿಂತ್ಬಿಡ್ತದ. ಆಮ್ಯಾಲೆ ಇಂವನ ಬೇಡಿಕೊಂಡು ಕೈ ನೆಟ್ಟಗಾಗ್ತದ. ರಾಜಾ ಮನಿಗೆ ಬಾ, ಊಟ ಮಾಡು, ಇನಾಮು ಕೊಡ್ತೇನಿ ಅಂತಾನ. ಅರ್ಧ ಅರಮನಿ ಕೊಟ್ರೂ ಒಲ್ಲೆ, ಇಲ್ಲಿ ಅನ್ನ ನೀರು ಮುಟ್ಟಬ್ಯಾಡ, ಬಂದ ದಾರಿಲೇ ಹೋಗಬ್ಯಾಡ ಅಂತ ದೇವರು ಹೇಳ್ಯಾನ ಅಂತ ಹೊಂಟಬಿಡ್ತಾನ. ರಾಜಾಗ ಹೆದರಲಿಲ್ಲ. ಇನಾಮಿಗೆ ಬೀಳಲಿಲ್ಲ.

ಅದ ಊರಾಗ ಒಬ್ಬ ಮುದುಕ ಪ್ರವಾದಿ. ಮಕ್ಕಳು ಬಂದು ಸುದ್ದಿ ಹೇಳ್ತಾರ. ಕತ್ತಿ ಮ್ಯಾಲೆ ತಡಿ ಹಾಕಿಸಿ ಬೆನ್ನು ಹತ್ತತಾನ. ಈ ಹುಡುಗ ಗಿಡದ ಕೆಳಗ ಕುಂತಿರ್ತಾನ, ಹೊಟ್ಟಿ ಹಸದಿರಬೇಕು. ಮುದುಕ ಅಂತಾನ: ನಾನೂ ನಿನ್ನಂಗ ಪ್ರವಾದಿ, ದೇವದೂತ ಬಂದು ಹೇಳ್ಯಾನ, ನಿನ್ನ ಮನಿಗೆ ಕರಕೊಂಡು ಹೋಗಿ ಊಟ ಹಾಕ ಅಂತ. ಸುಳ್ಳು ಹೇಳಿದ ಅಂತ ವಾಕ್ಯದಾಗ ಸ್ಪಷ್ಟ ಬರದದ. ರಾಜಾನ ಮಾತಿಗೆ ಬಗ್ಗದಂವ ಹಿರಿಯನ ಮಾತಿಗೆ ಬಗ್ಗಿದ. ಉಂಡ. ತಿರುಗಿ ಹೋಗಾಗ ದಾರಿಯೊಳಗ ಸಿಂಹ ಹೊಡದು ಕೊಂದಿತು. ಹೆಣದ ಬಾಜೂಕ ಕತ್ತೀನೂ ನಿಂತಿತ್ತು, ಸಿಂಹನೂ ನಿಂತಿತ್ತು. ಹೆಣ ತಿನ್ನಲಿಲ್ಲ, ಕತ್ತಿ ಮುಟ್ಟಲಿಲ್ಲ.

ಇದರಾಗ ನೋಡ್ರಿ, "ಹಿರಿಯರು ಹೇಳಿದ್ರು, ಅದಕ್ಕ ಮಾಡಿದೆ" ಅನ್ನೂದು ದೇವರ ಮುಂದ ಜಾಮೀನು ಆಗಲಿಲ್ಲ. ನಿನಗ ಗೊತ್ತಿದ್ದದ್ದನ್ನ ಇನ್ನೊಬ್ಬಂವನ "ದೇವರು ನನಗ ತೋರಿಸಿದ್ರು" ಅನ್ನೂ ಮಾತಿಗೆ ಬಿಟ್ಟುಕೊಟ್ರ ಹೊಣಿ ನಿಂದ. ನಾನು ಹೊಣಿ ಅಲ್ಲ ಅಂತ ನಿಮ್ಮ ಪಾಸ್ಟರ್ ಅಂದ್ರಲ್ಲ, ಆ ಒಂದು ಮಾತು ಮಾತ್ರ ಶಾಸ್ತ್ರಕ್ಕ ಸರಿ ಐತಿ! ಹೋದ್ರೂ ಹೊಣಿ ತಮ್ಮಂದ, ನಿಂತ್ರೂ ತಮ್ಮಂದ.

ನಾಸ್ತಿಕ ನೆರೆಮನೆಯವ

ಮಾಸ್ತರೇ, ಸುಳ್ಳು ಹೇಳಿದ ಮುದುಕನಿಗೆ ಏನೂ ಆಗಲಿಲ್ಲ, ನಂಬಿ ಮೋಸಹೋದವನು ಸತ್ತ. ಇದು ನ್ಯಾಯವಾ?

ಬೆಟಗೇರಿ ಮಾಸ್ತರ

ನನಗೂ ಅದು ಬಗೆಹರಿದಿಲ್ರಿ. ಸಂಡೇ ಸ್ಕೂಲ್ ಹುಡುಗರೂ ಇದನ್ನ ಕೇಳ್ತಿದ್ರು. ಮುದುಕ ಹೋಗಿ ಹೆಣ ತಂದು ತನ್ನ ಸ್ವಂತ ಗೋರಿಯೊಳಗ ಇಟ್ಟು, ಅಯ್ಯೋ ತಮ್ಮಾ ಅಂತ ಅಳತಾನ. ನಾ ಸತ್ತಾಗ ನನ್ನನ್ನ ಇಂವನ ಬಾಜೂಕ ಹುಗೀರಿ ಅಂತ ಮಕ್ಕಳಿಗೆ ಹೇಳ್ತಾನ. ಅದ ಅಂವಗ ಶಿಕ್ಷಾ ಇರಬಹುದು. ಅದಕ್ಕಿಂತ ಹೆಚ್ಚು ನಾನು ಹೇಳಿದ್ರ ಇಲ್ಲದ್ದು ಸೇರಿಸಿದಂಗ ಆಗ್ತದ.

ದೋಹಾ ಕನ್ನಡಿಗ

ಒಂದು ವಿಷಯ ನನಗೆ ಯಾವಾಗಲೂ ತಮಾಷೆ ಅನ್ನಿಸುತ್ತೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1844ರಲ್ಲಿ ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತ ಬ್ರಾಹ್ಮಣ ಯುವಕ ಮನೆಯವರನ್ನೆಲ್ಲಾ ಎದುರುಹಾಕಿಕೊಂಡು ದೀಕ್ಷಾಸ್ನಾನ ಪಡೆದರು. ಆಮೇಲೆ ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಅಭಿಷಿಕ್ತ ಪಾದ್ರಿಯಾದರು. ಇಂಥವರ ಬಗ್ಗೆ ಸಭೆಗಳಲ್ಲಿ ಏನು ಹೇಳ್ತೀವಿ? ಮನುಷ್ಯರಿಗಿಂತ ದೇವರಿಗೆ ವಿಧೇಯನಾದ ಧೀರ ಅಂತ, ಅಪೊಸ್ತಲರ ಕೃತ್ಯ 5:29 ಓದಿ. ಹೆತ್ತವರ ಮಾತು, ಕುಲದ ಹಿರಿಯರ ಮಾತು ಮೀರಿದರೆ ಸಾಕ್ಷಿ. ಪಾಸ್ಟರ್ ಮಾತು ಮೀರಿದರೆ ಮಾತ್ರ ಕೋರಹ!

ಹೆತ್ತವರನ್ನು ಗೌರವಿಸು ಅನ್ನೋದಾದರೂ ದಶಾಜ್ಞೆಯಲ್ಲಿದೆ. ಪುಣೆಗೆ ಹೋಗೋಕೆ ಪಾಸ್ಟರ್ ಪರ್ಮಿಷನ್ ಬೇಕು ಅನ್ನೋದು ಎಲ್ಲಿದೆ?

ಬೆಳಗಿನ ಮನ್ನ

ನಾನು ಇಂಥದ್ದೇ ಒಂದು ಸಭೆಯಿಂದ ಹೊರಗೆ ಬಂದವಳು, ಹಾಗಾಗಿ ಒಂದೇ ಮಾತು ಸೇರಿಸ್ತೀನಿ. ಪೌಲನಿಗಿಂತ ದೊಡ್ಡ ಅಧಿಕಾರ ಈಗ ಯಾರಿಗೂ ಇಲ್ಲ ಅಲ್ವಾ? ಒಂದನೇ ಕೊರಿಂಥ 16:12 ತೆಗೆದು ನೋಡಿ. ಸಹೋದರನಾದ ಅಪೊಲ್ಲೋಸನಿಗೆ ನಿಮ್ಮ ಹತ್ತಿರ ಹೋಗು ಅಂತ ಬಹಳ ಕೇಳಿಕೊಂಡೆ, ಈಗ ಬರೋಕೆ ಅವನಿಗೆ ಮನಸ್ಸೇ ಇಲ್ಲ, ಅನುಕೂಲವಾದಾಗ ಬರ್ತಾನೆ ಅಂತ ಬರೀತಾನೆ. ಅಷ್ಟೇ. ಮುಂದಿನ ವಾಕ್ಯಕ್ಕೆ ಹೋಗಿಬಿಡ್ತಾನೆ. ಶಾಪ ಇಲ್ಲ, ಕವರಿಂಗ್ ತೆಗೀತೀನಿ ಅನ್ನೋದಿಲ್ಲ. ಅದೇ ಪತ್ರದ 7ನೇ ಅಧ್ಯಾಯದಲ್ಲಿ ಮದುವೆ ವಿಷಯ ಬಂದಾಗ, ಇದರ ಬಗ್ಗೆ ನನಗೆ ಕರ್ತನ ಅಪ್ಪಣೆ ಇಲ್ಲ, ನನ್ನ ಅಭಿಪ್ರಾಯ ಹೇಳ್ತೀನಿ ಅಂತ ಬಿಡಿಸಿ ಇಡ್ತಾನೆ. ದೇವರ ಮಾತು ಯಾವುದು, ತನ್ನ ಮಾತು ಯಾವುದು ಅಂತ ಗೆರೆ ಎಳೆಯೋಕೆ ಅಪೊಸ್ತಲನಿಗೆ ಮುಜುಗರ ಇರಲಿಲ್ಲ.

ನಾನಿದ್ದ ಸಭೆಯಲ್ಲಿ ಆ ಗೆರೆ ಇರಲಿಲ್ಲ. ಮನೆ ಬಣ್ಣದ ತನಕ ಎಲ್ಲವೂ "ದೇವರು ತೋರಿಸಿದ್ದು".

ಪಾಸ್ಟರ್ ಮಗ

ಅಪೊಲ್ಲೋಸನ ವಾಕ್ಯ ಒಳ್ಳೆಯದು. ಆದರೆ ಅಪೊಲ್ಲೋಸನೂ ಸೇವಕನೇ, ಪೌಲನ ಸಭೆಯ ಕುರಿ ಅಲ್ಲ.

ಸಿಸ್ಟರ್, ನಿಮಗೊಂದು ಪ್ರಶ್ನೆ. ನಮ್ಮಲ್ಲಿ ಪ್ರವಾದನೆ ಬಂದರೆ ಅದನ್ನು ಹಾಗೇ ಬಿಡಲ್ಲ. ಒಂದನೇ ಕೊರಿಂಥ 14:29 ಪ್ರಕಾರ ಒಬ್ಬರು ಹೇಳಿದ್ದನ್ನು ಉಳಿದವರು ವಿವೇಚಿಸಬೇಕು. ನಮ್ಮಪ್ಪ ಯಾರ ಬಗ್ಗೆಯಾದರೂ ಹೇಳಿದರೆ ಸಭಾ ಹಿರಿಯರು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡ್ತಾರೆ, ಆ ವ್ಯಕ್ತಿಯನ್ನೂ ಕೂರಿಸಿಕೊಂಡು ಮಾತಾಡ್ತಾರೆ. ಹಿರಿಯರು "ಅಯ್ಯಗಾರೇ, ಇದು ನಮಗೆ ಹಾಗೆ ಕಾಣಲ್ಲ" ಅಂದದ್ದೂ ಉಂಟು, ಅಪ್ಪ ಸುಮ್ಮನಾದದ್ದೂ ಉಂಟು. ನಿಮ್ಮಲ್ಲಿ ತಮ್ಮನ ವಿಷಯ ಹಿರಿಯರ ಮುಂದೆ ಬಂತಾ?

ಸಾಸಿವೆಕಾಳು

ನಮ್ಮ ಸಭೆಯಲ್ಲಿ ಹಿರಿಯರ ಕಮಿಟಿ ಅಂತ ಇರೋದು ಮೂರು ಜನ. ಪಾಸ್ಟರ್, ಪಾಸ್ಟರಮ್ಮ, ಪಾಸ್ಟರಮ್ಮನ ತಮ್ಮ.

ಆದರೂ ತಮ್ಮ ನಿನ್ನೆ ಹೋಗಿ ಮರ್ಯಾದೆಯಿಂದಲೇ ಕೇಳಿದ: ದೇವರು ನಿಮಗೆ ತೋರಿಸಿದ್ದನ್ನು ಒಂದು ಹಾಳೆಯಲ್ಲಿ ಬರೆದು ಕೊಡ್ತೀರಾ, ನಾನು ಇಟ್ಟುಕೊಂಡು ಪ್ರಾರ್ಥನೆ ಮಾಡ್ತೀನಿ ಅಂತ. "ನನ್ನನ್ನೇ ಪರೀಕ್ಷೆ ಮಾಡ್ತೀಯಾ" ಅಂದರಂತೆ. ಸಂಜೆ ಹೊತ್ತಿಗೆ ಆರಾಧನಾ ತಂಡದ ವಾಟ್ಸಾಪ್ ಗುಂಪಿನಿಂದ ಅವನನ್ನು ತೆಗೆದಿದ್ದರು.

ಪಾಸ್ಟರ್ ಮಗ

ಬೆರೋಯ ಅನ್ನೋ ಊರಿನವರು ಪೌಲ ಹೇಳಿದ್ದನ್ನೇ ಪ್ರತಿದಿನ ಶಾಸ್ತ್ರ ತೆಗೆದು ಸರಿಯೋ ಇಲ್ಲವೋ ಅಂತ ನೋಡಿದರು, ಅದಕ್ಕೆ ಅವರನ್ನು ಸದ್ಗುಣವುಳ್ಳವರು ಅಂತ ಹೊಗಳಿದೆ. ಪರೀಕ್ಷೆ ಮಾಡಿದ್ದಕ್ಕೆ ಗುಂಪಿನಿಂದ ತೆಗೆಯೋದು ನಾನು ಹೇಳ್ತಿರೋ ಅಧಿಕಾರ ಅಲ್ಲ. ಲೆಕ್ಕ ಒಪ್ಪಿಸೋಕೆ ಮೇಲೆ ಯಾರೂ ಇಲ್ಲ, ಪಕ್ಕದಲ್ಲೂ ಯಾರೂ ಇಲ್ಲ ಅಂದಮೇಲೆ ಅಲ್ಲಿ ಇಬ್ರಿಯ 13:17ರ ಅರ್ಧ ಮಾತ್ರ ನಡೀತಿದೆ.

ಬೆಟಗೇರಿ ಮಾಸ್ತರ

ತಂಗಿ, ಇನ್ನೊಂದ ಹೇಳಿ ಮುಗಸ್ತೇನಿ. ದಾವೀದ ಅಭಿಷಿಕ್ತನ ಮ್ಯಾಲೆ ಕೈ ಎತ್ತಲಿಲ್ಲ ಅಂತ ಎಲ್ಲಾರೂ ಹೇಳ್ತಾರ, ಖರೆ. ಏನ್ಗೆದಿ ಗುಡ್ಡದಾಗ ಸೌಲನ ನಿಲುವಂಗಿ ತುದಿ ಕತ್ತರಿಸಿದ್ದಕ್ಕೇ ಅಂವನ ಮನಸ್ಸು ಚುಚ್ಚತದ. ಆದ್ರ ಸೌಲ ಈಟಿ ಒಗದಾಗ ದಾವೀದ ಅಲ್ಲೇ ಕುಂತು ಕಿನ್ನರಿ ನುಡಸಲಿಲ್ಲ. ತಪ್ಪಿಸಿಕೊಂಡು ಆ ರಾತ್ರೀನ ಓಡಿಹೋದ. ಮುಂದ ಸೌಲ ತಪ್ಪು ಮಾಡಿದೆ, ಬಾ ಮಗನ ಅಂದಾಗೂ ಹೋಗಲಿಲ್ಲ. ಸೌಲ ಮಲಗಿದ್ದಾಗ ತಗೊಂಡಿದ್ದ ಈಟಿ ತಿರುಗಿ ಕೊಟ್ಟ, ದಾರಿ ಹಿಡಿದ (ಒಂದನೇ ಸಮುವೇಲ 26). ಸೇಡೂ ತೀರಿಸಿಕೊಳ್ಳಲಿಲ್ಲ, ಕೈಗೂ ಸಿಗಲಿಲ್ಲ.

ನಿಮ್ಮ ತಮ್ಮಗ ಹೇಳ್ರಿ, ಪಾಸ್ಟರ್ ಬಗ್ಗೆ ಅಲ್ಲಿ ಇಲ್ಲಿ ಆಡಿಕೊಳ್ಳೂದು ಬ್ಯಾಡ. ತಂದಿ ಸತ್ತಾಗ ನಿಂತು ಮಾಡಿದ ಋಣ ಅದ. ಕೈ ಮುಗದು, ಹೋಗಿ ಬರ್ತೇನಿ ಅಂತ ಹೇಳಿ ಹೋಗ್ಲಿ.

ಸಾಸಿವೆಕಾಳು

ತಮ್ಮ ಒಂದು ನಿರ್ಧಾರಕ್ಕೆ ಬಂದ ಹಾಗಿದೆ. ನನಗೀಗ ಯೋಚನೆ ಅಮ್ಮನದು. "ಪಾಸ್ಟರ್ ಬಾಯಲ್ಲಿ ಬಂದದ್ದು ಸುಳ್ಳಾಗಲ್ಲ, ಮಗನಿಗೆ ಏನಾದರೂ ಆಗುತ್ತೆ" ಅಂತ ಒಂದೇ ಸಮ ಹೇಳ್ತಿದ್ದಾರೆ. ವಾಕ್ಯ ತೋರಿಸಿದರೆ ಕೇಳಲ್ಲ, ಅವರಿಗೆ ಓದೋಕೂ ಬರಲ್ಲ.

ಬೆಳಗಿನ ಮನ್ನ

ಜ್ಞಾನೋಕ್ತಿ 26:2 ಓದಿ ಹೇಳಿ. ಕಾರಣವಿಲ್ಲದ ಶಾಪ ಅಲೆದಾಡೋ ಗುಬ್ಬಿ ಥರ, ಎಲ್ಲೂ ಬಂದು ಕೂರಲ್ಲ. ಬಿಳಾಮ ಅನ್ನೋನನ್ನು ಇಸ್ರಾಯೇಲರಿಗೆ ಶಾಪ ಹಾಕೋಕೆ ದುಡ್ಡು ಕೊಟ್ಟು ಕರೆಸಿದರೂ, ದೇವರು ಶಪಿಸದವರನ್ನು ನಾನು ಹೇಗೆ ಶಪಿಸಲಿ ಅಂದ. ನಮ್ಮಮ್ಮನಿಗೂ ಇದೇ ಭಯ ಇತ್ತು. ವಾಕ್ಯದಿಂದ ಪೂರ್ತಿ ಹೋಗಲಿಲ್ಲ ಅನ್ನೋದೂ ನಿಜ. ನಾವು ಸಭೆ ಬಿಟ್ಟ ಮೇಲೂ ಅವರು ಸುಮಾರು ದಿನ ನನಗೆ ಜ್ವರ ಬಂದರೂ ಅದಕ್ಕೇ ಅಂತಿದ್ದರು.

ಕುಡ್ಲದ ಕ್ಯಾಥೊಲಿಕ್

ಅಮ್ಮನಿಗೆ ಇನ್ನೊಬ್ಬ ಪಾಸ್ಟರ್ ಹೇಳಿದ್ರೆ ಸಮಾಧಾನ ಆಗ್ಬಹುದಾ? ನಾವು ಇಲ್ಲಿ ಎಷ್ಟು ಬರೆದ್ರೂ ಅವರಿಗೆ ನಾವು ಯಾರು ಅಂತ.

ಪಾಸ್ಟರ್ ಮಗ

ನಾನೂ ಅದನ್ನೇ ಬರೆಯೋಕೆ ಬಂದೆ. ಸಿಸ್ಟರ್, ಅಮ್ಮ ಒಪ್ಪಿದರೆ ನಮ್ಮಪ್ಪನ ಹತ್ತಿರ ಫೋನಲ್ಲಿ ಮಾತಾಡಿಸಿ. ನಂಬರ್ ನಿಮಗೆ ಖಾಸಗಿ ಮೆಸೇಜ್‌ನಲ್ಲಿ ಕಳಿಸ್ತೀನಿ, ಇಲ್ಲಿ ಹಾಕಬೇಡಿ. ಸಂಜೆ ಕುಟುಂಬ ಪ್ರಾರ್ಥನೆ ಮುಗಿಸಿ ಎಂಟರ ಮೇಲೆ ಫೋನ್ ತಗೋತಾರೆ. ಅವರು ಹೋಗು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ, ಅದನ್ನು ಮೊದಲೇ ಅಮ್ಮನಿಗೆ ತಿಳಿಸಿಬಿಡಿ. ಭಯದ ಬಗ್ಗೆ ಮಾತ್ರ ಮಾತಾಡ್ತಾರೆ.

ಸಾಸಿವೆಕಾಳು

ಅಮ್ಮ ಒಪ್ಪಿದ್ದಾರೆ. ಆದರೆ ಮೊದಲು ಕೇಳಿದ್ದು, ಅವರ ಸಭೆಯಲ್ಲಿ ತಲೆ ಮೇಲೆ ಸೆರಗು ಹಾಕ್ತಾರಾ ಅಂತ.

ಪಾಸ್ಟರ್ ಮಗ

ಹಾಕ್ತಾರೆ ಅಂತ ಹೇಳಿ 🙂